ಹೀರೆ ಬೀಜ ಮುಳುಗಿದ ಮಡಿ

ಆ ದಿನ ನಾನು ಬಾಯಿಬಿಟ್ಟು ಹೇಳಿದೆನೋ, ಬರೀ ತಲೆಯಾಡಿಸಿದೆನೋ, ಈಗ ಖಾತ್ರಿಯಿಲ್ಲ. ನೆನಪಿನಲ್ಲಿ ಎರಡೂ ಇವೆ. ಒಮ್ಮೊಮ್ಮೆ, ಉತ್ತರ ಕೊಡದೆ ಎದ್ದು ಹೋದಂತೆಯೂ ನೆನಪಾಗುತ್ತದೆ. ಅದನ್ನು ನಂಬುವುದಿಲ್ಲ, ನನಗೆ ಅನುಕೂಲವಾದ ನೆನಪು ಅದು.

ಸಿಂಧನೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಜನರಿಗೆ ಕೈತೋಟ ಕಲಿಸಲು ಮೂವರು ಹೊರಟಿದ್ದೆವು: ನಿವೃತ್ತರಾದ ಒಬ್ಬ ಮಾಸ್ತರು, ಗೊಬ್ಬರದಂಗಡಿಯ ಸಾಹುಕಾರ, ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಗ್ಗೆಯೇ ಓದಿ ಬಂದ ನಾನು. ಭಾನುವಾರ ಬೆಳಿಗ್ಗೆ ಪಾಠ. ಪಾಠಕ್ಕಿಂತ ಫೋಟೋ ಹೆಚ್ಚು. ಇಸ್ತ್ರಿ ಅಂಗಿಯ ಸಾಹುಕಾರ ಮಣ್ಣು ಮುಟ್ಟದ ಸಲಿಕೆ ಹಿಡಿದು ನಗುತ್ತಿದ್ದ ಆ ನಗೆ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಪಕ್ಕದಲ್ಲಿ ನಾನೂ ನಗುತ್ತಿದ್ದೆ.

ಹಿಂದಿನ ಓಣಿಯ ಅಜ್ಜಿ ಒಣಗಿದ ಹೀರೇಕಾಯಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಬೀಜ ಅದರೊಳಗೇ ಇತ್ತು.

"ಮಸ್ಕಿ ತವರಿಂದು. ನಮ್ಮವ್ವನ ಕಾಲದಿಂದ ನಡಕೋತ ಬಂದ ಬೀಜರೀ. ಈಗ ಅಲ್ಲಿ ಎಲ್ಲಾರೂ ಪಾಕೀಟಿನ ಬೀಜ ಹಾಕ್ತಾರ. ಇದೊಂದ ಉಳದೈತಿ."

ಅರ್ಧ ಇಟ್ಟುಕೊಳ್ಳುತ್ತೇನೆಂದಳು. ಮಾಸ್ತರು ಬಿಡಲಿಲ್ಲ. "ಎಲ್ಲಾ ಹಾಕಬೇ ಯವ್ವಾ. ಬೆಳೆದ ಮ್ಯಾಲ ಓಣಿಗೆಲ್ಲಾ ಹಂಚೂಣು."

ಅವಳು ಕಾಯಿಯನ್ನು ಕೊಡವಿ ಎಲ್ಲವನ್ನೂ ಪಾರ್ಕಿನ ಮಡಿಯಲ್ಲಿ ಊರಿದಳು. ಖಾಲಿ ಸಿಪ್ಪೆಯನ್ನು ಗುರುತಿಗೆಂದು ಬೇಲಿಯ ತಂತಿಗೆ ಸಿಕ್ಕಿಸಿದಳು.

ನಮ್ಮ ಮೂವರದೂ ಭತ್ತದ ಮನೆತನ. ಮಡಿ ಎಂದರೆ ಸುತ್ತ ಒಡ್ಡು ಹಾಕಬೇಕು, ಕಾಲುವೆಗೆ ನೀರು ಬಂದರೆ ತುಂಬಿ ನಿಲ್ಲಿಸಬೇಕು. ಕೈಗೆ ಗೊತ್ತಿದ್ದದ್ದು ಇಷ್ಟೇ. ಅದೇ ವಾರ ಕಾಲುವೆಗೆ ನೀರು ಬಿಟ್ಟರು. ಪೈಪು ಹಾಕಿ ತುಂಬಿಸಿದೆವು. ಇಂಗಿದಂತೆ ಮತ್ತೆ ತುಂಬಿಸಿದೆವು.

"ಏನ್ರಪ್ಪಾ, ಹೀರಿ ನಾಟಿ ಮಾಡಾಕತ್ತೀರೇನು?" ಎಂದಳು ಅಜ್ಜಿ.

"ನೀರು ಬಂದಾಗ ಕುಡಿಸಬೇಕಬೇ," ಎಂದರು ಮಾಸ್ತರು.

"ನಿಮ್ಮವ್ವ ನಿಮಗ ಮೂಗು ಮುಳುಗೋಮಟಾ ಹಾಲು ಕುಡಿಸಿದ್ಲೇನು?"

ಎಲ್ಲರೂ ನಕ್ಕರು. ಎರೆ ಮಣ್ಣಿನಲ್ಲಿ ನೀರು ನಿಂತರೆ ಬೀಜಕ್ಕೆ ಉಸಿರಿಲ್ಲ. ಪರೀಕ್ಷೆಯಲ್ಲಿ ಇದನ್ನೇ ಪುಟಗಟ್ಟಲೆ ಬರೆದಿದ್ದೆ. ಅಲ್ಲಿ ಹೇಳಲಿಲ್ಲ.

ಎರಡು ಭಾನುವಾರ ಕಳೆದರೂ ಒಂದೂ ಮೊಳೆಯದಿದ್ದಾಗ ಕೆದಕಿದೆವು. ಸತ್ತ ಇಲಿಯ ವಾಸನೆ. ಉಬ್ಬಿದ ಬೀಜಗಳು ಲೋಳೆಯಾಗಿ ಬೆರಳಿಗೆ ಅಂಟಿದವು. ಒಂದನ್ನು ಒತ್ತಿದಾಗ ಬಿಳಿ ಹುಳು ಹೊರಬಂತು. ಸಾಹುಕಾರ ಮೂಗಿಗೆ ಕರ್ಚೀಫು ಹಿಡಿದು, "ಬೀಜಾನ ಮುದಿ ಆಗ್ಯಾವ. ನಮ್ದೇನು ತಪ್ಪೈತಿ?" ಎಂದ. ಮಾಸ್ತರು ನನ್ನತ್ತ ತಿರುಗಿದರು. "ನೀವು ಓದಿದವರು. ನೀವ ಹೇಳ್ರೀ."

ಅಜ್ಜಿ ಅಂಗೈಯ ಲೋಳೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. "ಖರೇನೇನೋ ತಮ್ಮಾ? ನಮ್ಮವ್ವನ ಬೀಜ ಮೊದಲ ಸತ್ತಿದ್ದುವೇನು?"

ಹೌದು ಎಂದೆನೋ, ತಲೆಯಾಡಿಸಿದೆನೋ. ಅವಳಿಗೆ ಉತ್ತರ ಸಿಕ್ಕಿತು, ಅಷ್ಟು ನಿಜ. ಕೈಯನ್ನು ಒಡ್ಡಿಗೆ ಒರೆಸಿ ಎದ್ದು ಹೋದಳು, ಮತ್ತೆ ಬರಲಿಲ್ಲ. ಸಂಜೆ ಮೊಬೈಲಿನ ನಮ್ಮ ಗುಂಪಿನಲ್ಲಿ ಫೋಟೋ ಬಂತು, ನೀರು ತುಂಬಿದ ಹೊಳೆಯುವ ಮಡಿ. ನಾಲ್ಕಾರು ಜನ ಕೆಳಗೆ ಕೈಮುಗಿದ ಚಿತ್ರ ಹಾಕಿದ್ದರು.

ಬೇಲಿಯ ಸಿಪ್ಪೆಯನ್ನು ನಾನು ತಂದಿಟ್ಟುಕೊಂಡಿದ್ದೆ, ಯಾಕೆಂದು ಗೊತ್ತಿಲ್ಲ. ಕೆಲಸಕ್ಕೆಂದು ಲಿಂಗಸೂಗೂರಿಗೆ ಬಂದಾಗ ಸಾಮಾನಿನ ಜೊತೆ ಅದೂ ಬಂತು. ಒಂದು ದಿನ ಎತ್ತಿದರೆ ಒಳಗೆ ಏನೋ ಗಲಗುಟ್ಟಿತು. ನಾರಿನಲ್ಲಿ ಮೂರು ಬೀಜ ಸಿಕ್ಕಿಕೊಂಡಿದ್ದವು. ಕುಂಡದಲ್ಲಿ ಊರಿ, ಬೊಗಸೆ ನೀರು ಚಿಮುಕಿಸುತ್ತ ಬಂದೆ. ಆರನೆಯ ದಿನ ಎರಡು, ಮರುದಿನ ಇನ್ನೊಂದು.

ಕುಂಡವನ್ನು ಅಜ್ಜಿಗೆ ಒಪ್ಪಿಸಲೆಂದು ಸಿಂಧನೂರಿನ ಬಸ್ಸು ಹತ್ತುವ ಮುಂಚೆ ಮತ್ತೊಮ್ಮೆ ಬಗ್ಗಿ ನೋಡಿದೆ. ಈ ಸಲ ನನ್ನ ನೆನಪನ್ನು ನಂಬಬೇಕಾಗಿರಲಿಲ್ಲ, ಕಣ್ಣೆದುರೇ ಇತ್ತು. ಮೂರೂ ಮೊಳೆತಿದ್ದವು. ಅವಳ ಅವ್ವನ ಬೀಜ ಸತ್ತಿರಲಿಲ್ಲ.