ಮುಂಡಪ್ಪನ ಬಲಗಾಲು ಮತ್ತು ಬಾಲದ ತಗಡು

ವಾಮದಪದವಿನ ಮುಂಡಪ್ಪ ತಾನೇ ಕಟ್ಟಿದ ವಿಮಾನದ ಬಾಲಕ್ಕೆ ಅಂಗೈಯಗಲದ ಒಂದು ತಗಡು ಹಚ್ಚಬೇಕೋ ಬೇಡವೋ ಎಂದು ಆರು ತಿಂಗಳು ತಲೆ ಕೆಡಿಸಿಕೊಂಡ. ಹಲ್ಲು ಕಡಿದ ಎಂದರೆ ಇನ್ನೂ ಸರಿ. ಅರುವತ್ತೆರಡು ವರ್ಷದ ಆಸಾಮಿ. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ಕಂಡವರ ವಿಮಾನಗಳ ಎಂಜಿನ್ ಬಿಚ್ಚಿ ಕಟ್ಟಿದವನು, ರಜೆಯ ದಿನಗಳಲ್ಲಿ ಅಲ್ಲೇ ಹಾರಲು ಕಲಿತು ಲೈಸೆನ್ಸ್ ತೆಗೆದವನು. ಊರಿಗೆ ಬಂದ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಏಳು ವರ್ಷ ಬೆವರು ಸುರಿಸಿ ಎರಡು ಸೀಟಿನ ವಿಮಾನ ಕಟ್ಟಿದ. ಒಂದು ಸೀಟು ತನಗೆ, ಇನ್ನೊಂದು ಹೆಂಡತಿ ಕಾಂತಿಗೆ. ಮದುವೆಯಾದ ವರ್ಷವೇ "ನಿನ್ನನ್ನು ಒಂದು ದಿನ ನಾನೇ ಮೇಲೆ ಕರ್ಕೊಂಡು ಹೋಗ್ತೇನೆ" ಎಂದಿದ್ದ. ಅವಳು ಅದನ್ನು ಮರೆತಿರಲಿಲ್ಲ.

ಬೇಸಗೆಯಲ್ಲಿ ರೆಕ್ಕೆ ಬಿಚ್ಚಿ ಲಾರಿಗೆ ಹೇರಿ, ಘಟ್ಟದ ಮೇಲಿನ ಒಂದು ಸಣ್ಣ ವಿಮಾನ ನಿಲ್ದಾಣಕ್ಕೆ ಸಾಗಿಸಿ, ಅಲ್ಲಿನ ಪೈಲಟ್ ಒಬ್ಬನ ಕೈಯಲ್ಲಿ ಪರೀಕ್ಷೆಯ ಹಾರಾಟವೂ ಆಯಿತು, ಕಾಗದಪತ್ರವೂ ಆಯಿತು. ವಿಮಾನದ ತಕರಾರು ಒಂದೇ. ಮೇಲೇರುವಾಗ ಅದರ ಮೂಗು ಎಡಕ್ಕೆ ಎಳೆಯುತ್ತದೆ. ನೇರ ಹೋಗಬೇಕಾದರೆ ಬಲಗಾಲಿನ ಪೆಡಲನ್ನು ಒತ್ತಿಯೇ ಹಿಡಿದಿರಬೇಕು, ಆಗ ಬಾಲದಲ್ಲಿರುವ ರಡ್ಡರ್ ಬಲಕ್ಕೆ ತಿರುಗಿ ಮೂಗನ್ನು ಸರಿದಾರಿಗೆ ತರುತ್ತದೆ. ಗಟ್ಟಿ ಕಾಲಿನವನಿಗೆ ಇದೇನು ಮಹಾ ಸಂಗತಿಯಲ್ಲ. ಮುಂಡಪ್ಪನ ಬಲ ಮೊಣಕಾಲು ಮಾತ್ರ ಎರಡು ವರ್ಷದ ಹಿಂದೆ ಪುಂಜಾಲಕಟ್ಟೆಯ ಹತ್ತಿರ ಪುಡಿಯಾಗಿತ್ತು.

ಅದನ್ನು ನೆನೆದರೆ ಇವತ್ತಿಗೂ ಅವನ ಮೈ ಉರಿಯುತ್ತದೆ. ಯಾವನೋ ಗುತ್ತಿಗೆದಾರ ಮೋರಿಗೆಂದು ರಸ್ತೆ ಅಗೆದ, ಒಂದು ಕೆಂಪು ಬಟ್ಟೆ ಕೂಡ ಕಟ್ಟದೆ ಊಟಕ್ಕೆ ಹೋದ. ಮಳೆನೀರು ತುಂಬಿದ ಹೊಂಡ ಹೊಂಡದ ಹಾಗೆ ಕಾಣುತ್ತದೆಯೇ? ಸ್ಕೂಟರ್ ಸಮೇತ ಮುಂಡಪ್ಪ ಒಳಗೆ. ಆಸ್ಪತ್ರೆಗೆ ನೋಡಲು ಬಂದವರಲ್ಲಿ ಒಬ್ಬನಾದರೂ ಗುತ್ತಿಗೆದಾರನಿಗೆ ಬಯ್ಯಬೇಕಲ್ಲ, ಇಲ್ಲ! ಎಲ್ಲರದ್ದೂ ಒಂದೇ ರಾಗ: "ನೀವು ಸ್ವಲ್ಪ ನೋಡಿ ಹೋಗ್ಬೇಕಿತ್ತು." ಹೊಂಡ ತೋಡಿದವನು ಆರಾಮ, ಬಿದ್ದವನಿಗೆ ಬುದ್ಧಿಮಾತು. ಕಾಲಿಗೆ ಸ್ಕ್ರೂ ಹಾಕಿಸಿಕೊಂಡದ್ದಕ್ಕಿಂತ ಈ ಮಾತು ಅವನನ್ನು ಹೆಚ್ಚು ನೋಯಿಸಿತು.

ಏರುವಾಗಿನ ಎಳೆತಕ್ಕೆ ಮದ್ದು ಇಲ್ಲದ್ದಲ್ಲ. ರಡ್ಡರಿನ ಹಿಂದಿನ ಅಂಚಿಗೆ ಸಣ್ಣ ತಗಡು ಹಚ್ಚಿ ಎಡಕ್ಕೆ ಬಗ್ಗಿಸಿಟ್ಟರೆ ಗಾಳಿಯೇ ರಡ್ಡರನ್ನು ಬಲಕ್ಕೆ ತಳ್ಳುತ್ತದೆ, ಕಾಲಿನ ಭಾರ ಅರ್ಧ ಇಳಿಯುತ್ತದೆ. ಇದಕ್ಕೆ ರಡ್ಡರ್ ಟ್ರಿಮ್ ಎನ್ನುತ್ತಾರೆ. ಮನೆಯಲ್ಲೇ ವಿಮಾನ ಕಟ್ಟುವವರ ವಾಟ್ಸಾಪ್ ಗುಂಪಿನಲ್ಲಿ ಮುಂಡಪ್ಪ ಸುಮ್ಮನೆ ಕೇಳಿದಂತೆ ಮಾಡಿ ಕೇಳಿದ. ಒಬ್ಬ ಪುಣ್ಯಾತ್ಮ ಬರೆದ: "ಕಾಲಿದ್ದವರಿಗೆ ಟ್ರಿಮ್ ಯಾಕೆ?" ಅದರ ಕೆಳಗೆ ಹನ್ನೆರಡು ಮಂದಿಯ ನಗುವ ಮುಖಗಳು.

ಮುಂಡಪ್ಪ ಫೋನನ್ನು ಸೋಫಾಕ್ಕೆ ಎಸೆದ. ಹೌದಲ್ಲ, ಯಾಕೆ? ತಗಡು ಹಚ್ಚಿದರೆ ಕಾಲು ಹೋಗಿದೆ ಎಂದು ತಾನೇ ಡಂಗುರ ಸಾರಿದ ಹಾಗೆ. ಯಾವನೋ ಮಾಡಿದ ತಪ್ಪಿಗೆ ತನ್ನ ವಿಮಾನ ಯಾಕೆ ತಲೆ ತಗ್ಗಿಸಬೇಕು? ಹಚ್ಚುವುದಿಲ್ಲ, ಏನೇ ಆಗಲಿ.

"ಕಾಲು ಸರಿ ಉಂಟಲ್ಲ?" ಎಂದು ಕಾಂತಿ ತಿಂಗಳಿಗೊಮ್ಮೆಯಾದರೂ ಕೇಳುತ್ತಿದ್ದಳು.

"ಕಲ್ಲಿನ ಹಾಗೆ ಉಂಟು. ನಿನಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ?"

ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಮಳೆಗಾಲದಲ್ಲಿ ವಿಮಾನ ಶೆಡ್ಡಿಗೆ ವಾಪಸು ಬಂದಾಗ ಅವನು ಬಾಗಿಲು ಹಾಕಿಕೊಂಡು ಒಳಗೆ ಕೂತು, ಪೆಡಲಿಗೆ ಗಟ್ಟಿ ಸ್ಪ್ರಿಂಗ್ ಕಟ್ಟಿ ಒತ್ತಿ ನೋಡಿದ. ನಾಲ್ಕು ನಿಮಿಷಕ್ಕೆ ಮೊಣಕಾಲು ನಡುಗಿತು. ಆರನೆಯ ನಿಮಿಷಕ್ಕೆ ಕಣ್ಣಲ್ಲಿ ನೀರು. ಲೈಸೆನ್ಸಿಗೆ ಪರೀಕ್ಷೆ ಮಾಡಿದ ಡಾಕ್ಟರು ಕಣ್ಣು, ಕಿವಿ, ರಕ್ತದೊತ್ತಡ ನೋಡಿ ಸಹಿ ಹಾಕಿದ್ದರು, ಮೊಣಕಾಲಿನ ಬಗ್ಗೆ ಇವನೂ ಬಾಯಿ ಬಿಟ್ಟಿರಲಿಲ್ಲ.

ಮರುದಿನ ಕಾಂತಿ ಮೂಡುಬಿದಿರೆಗೆ ಹೋದದ್ದೇ ತಡ, ಮುಂಡಪ್ಪ ತಗಡು ಕತ್ತರಿಸಿ, ಕೋನ ಅಳೆದು ಬಗ್ಗಿಸಿ, ರಿವೆಟ್ ಹೊಡೆದು, ಬಾಲಕ್ಕಿದ್ದ ಬಿಳಿ ಬಣ್ಣವನ್ನೇ ಅದಕ್ಕೂ ಬಳಿದ. ಹತ್ತಿರ ಹೋದರೂ ಗೊತ್ತಾಗದ ಹಾಗೆ. ವಿಮಾನ ನೋಡಿ ಸಹಿ ಹಾಕಿದ ಪರೀಕ್ಷಕರಿಗೆ ಹೇಳಲಿಲ್ಲ. ಇನ್ನೊಂದು ಕೆಲಸವನ್ನೂ ಮಾಡಲಿಲ್ಲ. ಹಾರುವ ಮೊದಲು ನೋಡಬೇಕಾದ ಅರುವತ್ತು ಸಂಗತಿಗಳ ಒಂದು ಪುಸ್ತಕ ಉಂಟು. ಕಾಂತಿ ಅದನ್ನು ಗಟ್ಟಿಯಾಗಿ ಓದುವುದು, ಇವನು ಒಂದೊಂದನ್ನೇ ಮುಟ್ಟಿ "ಸರಿ" ಎನ್ನುವುದು, ಹಾಗೆ ಇಬ್ಬರೂ ಅಭ್ಯಾಸ ಮಾಡಿಕೊಂಡಿದ್ದರು. ತಗಡನ್ನು ಅದರಲ್ಲಿ ಬರೆದರೆ ಅವಳು ಓದುತ್ತಾಳೆ. ಆದ್ದರಿಂದ ಬರೆಯಲಿಲ್ಲ.

ನವರಾತ್ರಿ ಬಂತು. ಆಯುಧಪೂಜೆಯಾಗಿ ಮೂರನೆಯ ದಿನ ಲಾರಿ, ಆಮೇಲೆ ಘಟ್ಟದ ಮೇಲೆ ಕಾಂತಿಯ ಮೊದಲ ಹಾರಾಟ ಎಂದು ನಿಶ್ಚಯವಾಗಿತ್ತು. ಪೂಜೆಗೆ ವಿಮಾನ ತೊಳೆದು ಸಿಂಗರಿಸಲು ತುಕ್ರಪ್ಪ ಬಂದ. ಊರಿನ ಬಸ್ಸುಗಳಿಗೆ ಹೆಸರು ಬರೆಯುವವನು ಅವನು, ವಿಮಾನದ ಅಕ್ಷರಗಳೂ ಅವನದ್ದೇ. ಮುಂಡಪ್ಪ ಹೂ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ವಿಮಾನ ಫಳಫಳ ಹೊಳೆಯುತ್ತಿತ್ತು. ಹಾರ ಹಾಕಲೆಂದು ಹಿಂದೆ ಹೋದವನ ಕೈ ಅಲ್ಲೇ ನಿಂತಿತು. ತಗಡು ನೆಟ್ಟಗೆ, ಅಳತೆಪಟ್ಟಿಯ ಹಾಗೆ ನೆಟ್ಟಗಿತ್ತು.

"ಇದನ್ನು ಯಾರು ಮುಟ್ಟಿದ್ದು?"

"ನಾನೇ ಮುಂಡಪ್ಪಣ್ಣ," ಎಂದ ತುಕ್ರಪ್ಪ ಖುಷಿಯಿಂದ. "ಎಲ್ಲಿಯೋ ತಾಗಿ ಸೊಟ್ಟ ಆಗಿತ್ತು. ಎರಡು ಹಲಗೆ ಇಟ್ಟು ಮೆಲ್ಲ ತಟ್ಟಿ ಸರಿ ಮಾಡಿದೆ. ಬಣ್ಣ ಕೂಡ ಏಳಲಿಲ್ಲ, ನೋಡಿ."

"ನಿನ್ನ ತಲೆ ಸರಿ ಉಂಟಾ? ಯಾರು ಹೇಳಿದ್ದು ನಿನಗೆ ಸರಿ ಮಾಡ್ಲಿಕ್ಕೆ? ಕೋನ ಅಳೆದು ಬಗ್ಗಿಸಿದ್ದು ಅದು! ಬೇಕೂಂತ ಬಗ್ಗಿಸಿದ್ದು! ಬಸ್ಸಿನ ಬಂಪರ್ ಅಂತ ಗ್ರಹಿಸಿದೆಯಾ? ಏಳು ವರ್ಷದ ಕೆಲಸ, ಒಂದು ಸುತ್ತಿಗೆ ತಕೊಂಡು…" ಮುಂಡಪ್ಪನ ಕೂಗಿಗೆ ಶೆಡ್ಡಿನ ಶೀಟು ನಡುಗಿತು.

ತುಕ್ರಪ್ಪನ ಮುಖ ಸಣ್ಣದಾಯಿತು. ಆದರೆ ಅವನಿಗೂ ಸಿಟ್ಟು ಬಂತು, ಬರಬೇಕಾದದ್ದೇ. "ಸೊಟ್ಟ ಇದ್ದದ್ದನ್ನು ಪೂಜೆಗೆ ಇಡುವುದುಂಟಾ? ಬಗ್ಗಿಸಿ ಇಟ್ಟದ್ದಾದರೆ ಒಂದು ಮಾತು ಹೇಳ್ಬೇಕು. ಇಲ್ಲ, ಅದರ ಮೇಲೆ ಬರೀಬೇಕು. ಬಾಲಕ್ಕೂ ಬಿಳಿ, ಇದಕ್ಕೂ ಬಿಳಿ. ನೀವು ಅಡಗಿಸಿಟ್ಟದ್ದು ನನಗೆ ಹೇಗೆ ಗೊತ್ತಾಗ್ಬೇಕು?"

ಮುಂಡಪ್ಪ ತಗಡನ್ನು ಮತ್ತೊಮ್ಮೆ ನೋಡಿದ. ಇವತ್ತು ಹಾರ ಹಾಕದೆ ಇದ್ದಿದ್ದರೆ? ಪುಸ್ತಕದಲ್ಲಿ ತಗಡಿನ ಹೆಸರಿಲ್ಲ, ಕಾಂತಿ ಓದುತ್ತಿರಲಿಲ್ಲ, ಇವನು ಮುಟ್ಟುತ್ತಿರಲಿಲ್ಲ. ತಗಡು ಇದೆಯೆಂಬ ಧೈರ್ಯದಲ್ಲಿ ಮೇಲೇರುತ್ತಿದ್ದ. ಆರನೆಯ ನಿಮಿಷಕ್ಕೆ ಮೊಣಕಾಲು ಕೈಕೊಡುವಾಗ ಪಕ್ಕದ ಸೀಟಿನಲ್ಲಿ ಅವಳು ಕೂತಿರುತ್ತಿದ್ದಳು. ಹೊಂಡ ತೋಡಿ ಕೆಂಪು ಬಟ್ಟೆ ಕಟ್ಟದೆ ಹೋದವನಿಗೆ ಎರಡು ವರ್ಷದಿಂದ ಬಯ್ಯುತ್ತಿದ್ದನಲ್ಲ, ತಾನು ಮಾಡಿದ್ದೇನು?

ಅವನು ಹಾರವನ್ನು ಬದಿಗಿಟ್ಟ. ಹಳೆಯ ತಗಡು ತೆಗೆದು ಹೊಸದನ್ನು ಅಳೆದು ಹಚ್ಚಿದ. ಪರೀಕ್ಷಕರಿಗೆ ಫೋನ್ ಮಾಡಿ, ಬಯ್ಗುಳ ತಿಂದು, ಅವರು ಬಂದು ನೋಡುವವರೆಗೆ ಲಾರಿ ಬೇಡವೆಂದು ಒಪ್ಪಿಕೊಂಡ. "ತುಕ್ರಪ್ಪ, ಕೆಂಪು ಬಣ್ಣ ಉಂಟಾ? ಇದಕ್ಕೆ ಪೂರ್ತಿ ಕೆಂಪು ಹೊಡಿ. ಪಕ್ಕದಲ್ಲಿ ದೊಡ್ಡದಾಗಿ ಬರಿ."

"ಏನಂತ?"

ಮುಂಡಪ್ಪ ಹೇಳಿದ. ತುಕ್ರಪ್ಪ ಒಮ್ಮೆ ಅವನ ಮುಖ ನೋಡಿ, ಬ್ರಷ್ ಅದ್ದಿ, ಎಕ್ಸ್‌ಪ್ರೆಸ್ ಬಸ್ಸಿನ ಹಿಂದೆ ಬರೆಯುವ ದಪ್ಪ ಅಕ್ಷರದಲ್ಲಿ ಬರೆದ: 'ಇದು ಸೊಟ್ಟಗೇ ಇರಬೇಕು. ಮುಂಡಪ್ಪನ ಬಲಗಾಲು ಸರಿ ಇಲ್ಲ.'

ಆರತಿ ತಟ್ಟೆ ಹಿಡಿದು ಬಂದ ಕಾಂತಿ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ತಟ್ಟೆಯನ್ನು ರೆಕ್ಕೆಯ ಮೇಲೆ ಇಟ್ಟಳು.

"ಬಸ್ಸು ಹತ್ತುವಾಗ ಎಡಗಾಲು ಮೊದಲು ಇಡ್ತೀರಿ. ಎರಡು ವರ್ಷದಿಂದ ನೋಡ್ತಾ ಇದ್ದೇನೆ. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕೇಳಿ ಕೇಳಿ ಸಾಕಾಯ್ತು. ಅಲ್ಲಿ ಕೂತುಕೊಳ್ಳುವವಳು ನಾನು. ನನ್ನ ಹತ್ರ ಹೇಳ್ಲಿಕ್ಕೆ ನಿಮಗೆ ಬಣ್ಣದ ಡಬ್ಬ ಬೇಕಾಯ್ತಾ?"

ಕಾಂತಿ ಸೀಟಿನ ಮೇಲಿದ್ದ ಪುಸ್ತಕ ತೆಗೆದು, ತುಕ್ರಪ್ಪನ ಕಿಸೆಯ ಪೆನ್ನು ಕೇಳಿ ಪಡೆದು, ಮೊದಲ ಸಾಲಿನ ಮೇಲೆ ಉಳಿದಿದ್ದ ಜಾಗದಲ್ಲಿ ಎರಡು ಸಾಲು ಬರೆದಳು. ಆಮೇಲೆ ಪುಸ್ತಕವನ್ನು ಎದೆಯ ಮುಂದೆ ಹಿಡಿದು ಎಂದಿನಂತೆ ಗಟ್ಟಿಯಾಗಿ ಓದಿದಳು.

"ಬಾಲದ ತಗಡು?"

ಮುಂಡಪ್ಪ ಹಿಂದೆ ಹೋಗಿ, ಹಸಿ ಬಣ್ಣಕ್ಕೆ ತಾಗದ ಹಾಗೆ ಅಂಚನ್ನು ಮುಟ್ಟಿದ. "ಸರಿ."

"ನಿಮ್ಮ ಕಾಲು?"

"ಸರಿ ಇಲ್ಲ," ಎಂದ ಮುಂಡಪ್ಪ.