ಎಡಕ್ಕೆ ವಾಲಿದ ಪೂಜೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನವರೂ ಹೇಳುತ್ತಿದ್ದರು, ಗಂಡನ ಮನೆಯವರೂ ಹೇಳುತ್ತಿದ್ದರು. ಎರಡೂ ಕಡೆಯವರು ಒಪ್ಪಿಕೊಂಡ ಮಾತು ಅದೊಂದೇ. ಆ ಸಿಟ್ಟಿನಿಂದ ಕೆಟ್ಟದ್ದು ನನ್ನ ಎಡಗೈ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹರಿಹರದ ಸೊಸೆ, ವಯಸ್ಸು ಇಪ್ಪತ್ತೆರಡು, ಕಂಕುಳಲ್ಲಿ ಒಂದೂವರೆ ವರ್ಷದ ಮಗಳು. ಅಟ್ಟದ ಮೇಲಿನ ಹುಣಸೆಹಣ್ಣಿನ ಗಡಿಗೆ ಇಳಿಸಲು ಏಣಿ ಹತ್ತಿದವಳು ಗಡಿಗೆ ಸಮೇತ ಕೆಳಗೆ ಬಂದೆ. ಗಡಿಗೆಗೆ ಏನೂ ಆಗಲಿಲ್ಲ. ನನ್ನ ಮುಂಗೈಯ ಎರಡೂ ಎಲುಬು ಮುರಿದವು. ನಾಟಿ ವೈದ್ಯರು ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಕಟ್ಟಿ, "ನಲವತ್ತು ದಿನ ಇದನ್ನ ಮುಟ್ಟಬ್ಯಾಡವ್ವ" ಎಂದು ಹೇಳಿ ಹೋದರು. ಹನ್ನೆರಡನೇ ದಿನ ದಬ್ಬೆಯೊಳಗೆ ಕಡಿತ ಶುರುವಾಯಿತು. ಹದಿಮೂರನೇ ದಿನ ತಡೆಯಲಾರದೆ ಈಳಿಗೆಯಿಂದ ಕಟ್ಟು ಕೊಯ್ದು ಬಿಸಾಡಿದೆ. ಅಬ್ಬಬ್ಬಾ, ಎಂಥ ಸುಖ! ಆ ಸುಖಕ್ಕೆ ಎಲುಬು ಸೊಟ್ಟಗೆ ಕೂಡಿಕೊಂಡಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ಮತ್ತೆ ಬಿಡಿಸಿ, ಸರಿಯಾಗಿ ಕೂಡಿಸಿ, ಪ್ಲಾಸ್ಟರ್ ಹಾಕಿ ಕಳಿಸಿದರು. ಎರಡು ತಿಂಗಳ ಮೇಲೆ ಪ್ಲಾಸ್ಟರ್ ಒಡೆದರೆ ಕೈ ನೆಟ್ಟಗಿತ್ತು, ಬೆರಳುಗಳೂ ಆಡುತ್ತಿದ್ದವು. ಅಂಗೈ ಮಾತ್ರ ಮೇಲಕ್ಕೆ ತಿರುಗುತ್ತಿರಲಿಲ್ಲ. ಏನು ಮಾಡಿದರೂ ನೆಲವನ್ನೇ ನೋಡುತ್ತಿತ್ತು.

ಅದರಿಂದೇನು ಮಹಾ ಎನ್ನಬಹುದು. ನಮ್ಮದು ಲಿಂಗ ಕಟ್ಟುವ ಮನೆತನ. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈ ಮೇಲಿಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂರಬೇಕು. ಆಮೇಲೆಯೇ ಬಾಯಿಗೆ ತುತ್ತು. ಏಳೆಂಟು ವರ್ಷದವಳಿದ್ದಾಗಿನಿಂದ ಒಂದು ದಿನವೂ ತಪ್ಪಿಸಿದವಳಲ್ಲ. ಈಗ ಅಂಗೈಯೇ ಇಲ್ಲದಂತಾಯಿತು. ಲಿಂಗವನ್ನು ಒಂದು ಹಿತ್ತಾಳೆ ತಟ್ಟೆಯಲ್ಲಿಟ್ಟು ಪೂಜೆ ಮಾಡತೊಡಗಿದೆ. ಪರರ ಮನೆಯಲ್ಲಿ ಉಂಡಂತೆ ಇರುತ್ತಿತ್ತು, ಹೊಟ್ಟೆ ತುಂಬಿದರೂ ಮನಸ್ಸು ತುಂಬುತ್ತಿರಲಿಲ್ಲ.

ನಮ್ಮತ್ತೆ ಮಾತು ಕಡಿಮೆ, ಕಟ್ಟುನಿಟ್ಟು ಜಾಸ್ತಿ. ಪೂಜೆಗೆ ಕೂತರೆ ಗೋಡೆಗೆ ನಿಲ್ಲಿಸಿದ ಹಲಗೆಯಂತೆ ನೆಟ್ಟಗೆ ಕೂರುವವರು. ನಾಲ್ಕು ದಿನ ನನ್ನ ತಟ್ಟೆ ನೋಡಿ ಐದನೇ ದಿನ ಒಂದೇ ಮಾತು ಅಂದರು. "ದಬ್ಬಿ ಕೊಯ್ಯೋ ಮುಂದ ಇದನ್ನ ನೆನಸಬೇಕಿತ್ತವ್ವ."

ನಿಜವಾದ ಮಾತು. ಅದಕ್ಕೇ ಉರಿಯಿತು. ಎದ್ದು ನಿಂತು, ಮನೆಯವರೆಲ್ಲ ಕೇಳುವಂತೆ ಕೂಗಿದೆ. "ಲಿಂಗ ನನ್ನ ಅಂಗೈ ಮ್ಯಾಲೆ ನೆಟ್ಟಗ ಕೂತ ಮ್ಯಾಲೇನೇ ನಿಮ್ಮ ಹೊಸ್ತಿಲು ತುಳೀತೀನಿ. ಅಲ್ಲೀ ತನಕ ಇಲ್ಲ, ಇಲ್ಲ, ಇಲ್ಲ!" ಅತ್ತೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಗಂಡ ನನ್ನನ್ನು ಮತ್ತೆ ಆಸ್ಪತ್ರೆಗೆಂದು ದಾವಣಗೆರೆಯ ರೈಲು ಹತ್ತಿಸಿದ. ರೈಲು ಊರು ಬಿಟ್ಟು ಧಡಧಡ ಎನ್ನುವಾಗಲಷ್ಟೇ ನನಗೆ ಹೊಳೆದದ್ದು, ನಾನು ತುಳಿಯುವುದಿಲ್ಲ ಎಂದ ಹೊಸ್ತಿಲಿನ ಆಚೆ ಕಡೆಗೇ ನನ್ನ ಮಗಳಿದ್ದಾಳೆ ಎಂದು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ದಾವಣಗೆರೆವರೆಗೂ ಅಳುತ್ತ ಕೂತೆ.

ಆಸ್ಪತ್ರೆಯ ಹಿಂಭಾಗದಲ್ಲಿ ಹೆಂಚಿನ ಉದ್ದನೆಯ ಕೋಣೆ. ಗಾಯ ಮಾಗಿ ಕೈಕಾಲು ಏಳದವರು ಅಲ್ಲಿ. ಹೆಂಗಸರ ಕಡೆ ಎಂಟು ಮಂಚ. ಆರು ವಾರ ಇಟ್ಟುಕೊಳ್ಳುತ್ತೇವೆ, ಅಷ್ಟರಲ್ಲಿ ಬಂದಷ್ಟು ಬಂತು ಎಂದರು ಡಾಕ್ಟರು. ಕಸರತ್ತು ಮಾಡಿಸುವವರು ಬಿಳಿ ಗಡ್ಡದ ಒಬ್ಬ ಸಾಹೇಬರು. ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸ ಕಲಿತು ಬಂದವರು. ದಾವಣಗೆರೆಯಲ್ಲಿ ಆಗ ಗರಡಿ ಮನೆಗಳಿಗೇನು ಬರ. ಹಾಗಾಗಿ ವಾರ್ಡಿನವರೆಲ್ಲ ಅವರನ್ನು ಗರಡಿಯ ಗುರುವನ್ನು ಕರೆಯುವಂತೆ ಉಸ್ತಾದರು ಎನ್ನುತ್ತಿದ್ದರು.

ಮೊದಲನೇ ದಿನ ಉಸ್ತಾದರು ನನ್ನ ಎಡಗೈ ಹಿಡಿದು ತಿರುಗಿಸಿ ನೋಡಿದರು. ನಾನು ಅಯ್ಯಯ್ಯೋ ಎಂದೆ. ಕಿಟಕಿ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, ನೆಲಕ್ಕೆ ಒಗೆದ ಟವೆಲ್ಲು ಹಾಸಿ, ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ಮಂಡಕ್ಕಿ!

"ಅಂಗೈ ಮ್ಯಾಲೆ ಒಂದು ಹಿಡಿ ಹಾಕ್ತೀನಿ ಬೇಟಿ. ನೂರು ಎಣಿಸೋ ತನಕ ಹಿಡೀರಿ. ಕೈಯಾಗ ಉಳಿದದ್ದು ನಿಮಗೆ, ಟವೆಲ್ ಮ್ಯಾಲೆ ಬಿದ್ದದ್ದು ವಾರ್ಡಿಗೆ."

ನೆಲ ನೋಡುವ ಅಂಗೈಯಲ್ಲಿ ಮಂಡಕ್ಕಿ ನಿಲ್ಲುತ್ತದೆಯೇ? ಹಾಕಿದ್ದೆಲ್ಲ ಸುರಿದು ಹೋಯಿತು. ಇನ್ನೊಂದು ಹಿಡಿ, ಅದೂ ಹೋಯಿತು. ಏಳು ಹೆಂಗಸರು ನೋಡುತ್ತಿದ್ದಾರೆ. ನನಗೆ ತಲೆ ಕೆಟ್ಟು, ಬಲಗೈಯಿಂದ ಪೊಟ್ಟಣ ಕಿತ್ತುಕೊಂಡು ಬೀಸಿ ಒಗೆದೆ. ವಾರ್ಡಿನ ತುಂಬ ಮಂಡಕ್ಕಿ.

ಉಸ್ತಾದರು ಗಡ್ಡದಲ್ಲಿ ಸಿಕ್ಕ ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಂಡರು. "ಬಲಗೈ ಬಹಳ ಚಲೋ ಐತೆ. ನಾಳೆ ಇಷ್ಟೇ ಸಿಟ್ಟು ಎಡಗೈಯಿಂದ ಮಾಡ್ರಿ."

ವಾರ್ಡು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪಕ್ಕದ ಮಂಚದ ಅಜ್ಜಿ. ಕೊಕ್ಕನೂರಿನ ಒಕ್ಕಲು ಮನೆಯವಳು, ಎಪ್ಪತ್ತರ ಮೇಲೆ ವಯಸ್ಸು. ದನದ ಕೊಟ್ಟಿಗೆಯಲ್ಲಿ ಜಾರಿ ತೊಡೆ ಮುರಿದುಕೊಂಡು, ಈಗ ಎರಡು ಕೋಲು ಹಿಡಿದು ನಡೆಯಲು ಕಲಿಯಬೇಕಾಗಿತ್ತು. ಆದರೆ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. "ಎಲ್ಲಿಗೆ ಹೋಗಬೇಕೈತೆ ನನಗ? ಹೊಲಕ್ಕಾ?" ಎಂದು ನರ್ಸಮ್ಮನ ಬಾಯಿ ಮುಚ್ಚಿಸುತ್ತಿದ್ದಳು. ಮಂಡಕ್ಕಿ ಕಂಡ ಮೇಲೆ ಮಾತ್ರ ಅವಳ ಕಣ್ಣು ಕಿಟಕಿಯ ಕಡೆಗೇ. ಮೂರನೇ ದಿನ ಮೆಲ್ಲಗೆ ಕಾಲು ಇಳಿಬಿಟ್ಟಳು. ನಾಲ್ಕನೇ ದಿನ ಎರಡು ಹೆಜ್ಜೆ. ವಾರ ಕಳೆಯುವಷ್ಟರಲ್ಲಿ ಕೋಲು ಊರಿಕೊಂಡು, ಸಿಕ್ಕ ಸಿಕ್ಕವರನ್ನು ಬೈಯುತ್ತ, ಕಿಟಕಿಯವರೆಗೆ ಬಂದು ತನ್ನ ಪಾಲು ಬಾಚಿಕೊಳ್ಳತೊಡಗಿದಳು. "ಇವತ್ತು ಚೆಂದಗೆ ಚೆಲ್ಲು ನನ್ನವ್ವ, ಹಸಿವಾಗೈತೆ" ಎಂದು ನನಗೇ ಹೇಳುವಳು. ನನ್ನ ಕೈ ಸರಿಯಾಗಬಾರದು ಎಂದು ಇಷ್ಟು ಪ್ರೀತಿಯಿಂದ ಹರಸಿದವರು ಬೇರೆ ಯಾರೂ ಇಲ್ಲ.

ನನ್ನನ್ನು ಅಷ್ಟು ದೂರದ ಕಿಟಕಿಯ ಹತ್ತಿರವೇ ಯಾಕೆ ಕೂರಿಸುತ್ತಿದ್ದರು ಎಂಬುದು ಬಹಳ ದಿನಗಳ ಮೇಲೆ ನನಗೆ ಅರ್ಥವಾಯಿತು. ಒಂದು ಪೊಟ್ಟಣದಲ್ಲಿ ಇಬ್ಬರಿಗೆ ಔಷಧ ಕೊಟ್ಟಿದ್ದರು ಉಸ್ತಾದರು.

ಎರಡು ವಾರ ಕಳೆಯಿತು. ಅಂಗೈ ನೆಲ ಬಿಟ್ಟು ಗೋಡೆ ನೋಡುವಷ್ಟಾಯಿತು. ಆಮೇಲೆ ಒಂದು ಬೆಳಿಗ್ಗೆ ಒಮ್ಮೆಲೇ ಇಡೀ ಹಿಡಿ ಮಂಡಕ್ಕಿ ನಿಂತುಬಿಟ್ಟಿತು. ಒಂದೂ ಬೀಳಲಿಲ್ಲ! ನನಗೆ ಹಿಗ್ಗೋ ಹಿಗ್ಗು. ಆವತ್ತೇ ತಟ್ಟೆಯನ್ನು ಮಂಚದ ಕೆಳಗೆ ತಳ್ಳಿ, ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆಗೆ ಕೂತೆ. ಕೂತಿತು. ನನ್ನ ಕಣ್ಣಲ್ಲಿ ನೀರು.

"ಯವ್ವಾ," ಎಂದಳು ಅಜ್ಜಿ ಮಂಚದಿಂದ, "ದೇವ್ರೇನೋ ನೆಟ್ಟಗ ಅದಾನ. ನೀ ಯಾಕ ಹಂಗ ಬೀಳೋ ಗಿಡದಂಗ ವಾಲೀ?"

ನೋಡಿಕೊಂಡರೆ ನನ್ನ ಮೈಯೆಲ್ಲ ಎಡಕ್ಕೆ ಬಾಗಿದೆ, ಮೊಣಕೈ ಪಕ್ಕೆ ಬಿಟ್ಟು ಹೊಟ್ಟೆಯ ಮುಂದಕ್ಕೆ ಬಂದಿದೆ. ಅಂಗೈ ತಿರುಗಿರಲಿಲ್ಲ, ನಾನೇ ತಿರುಗಿದ್ದೆ. ನನಗೆ ಗೊತ್ತಿಲ್ಲದಂತೆ ನನ್ನ ಮೈಯೇ ಕಳ್ಳತನ ಕಲಿತಿತ್ತು.

ಪೂಜೆಯ ಹೊತ್ತಿಗೆ ಉಸ್ತಾದರು ಬಾಗಿಲ ಆಚೆಗೇ ನಿಲ್ಲುತ್ತಿದ್ದರು, ಮುಗಿಯುವವರೆಗೆ ಒಳಗೆ ಕಾಲಿಡುತ್ತಿರಲಿಲ್ಲ. ಆವತ್ತು ಲಿಂಗ ಕೊರಳಿಗೇರಿದ ಮೇಲೆ ಬಂದು, ನ್ಯೂಸ್ ಪೇಪರಿನ ಹಾಳೆಯೊಂದನ್ನು ಮಡಚಿ ನನ್ನ ಮೊಣಕೈಗೂ ಪಕ್ಕೆಗೂ ನಡುವೆ ಇಟ್ಟರು. "ಇದು ಬಿದ್ರೆ ಚೋರಿ ಅಂತ ಲೆಕ್ಕ. ಮೈ ನೆಟ್ಟಗೆ, ಕಾಗದ ಜಾಗದಾಗ. ಈಗ ತಿರುಗಿಸ್ರಿ."

ತಿರುಗಿಸಿದೆ. ಮಂಡಕ್ಕಿ ಝಲ್ಲನೆ ಸುರಿಯಿತು. ಅಜ್ಜಿ ಕೋಲು ಎತ್ತಿಕೊಂಡಳು.

ಅಲ್ಲಿಂದ ಶುರುವಾಯಿತು ನಿಜವಾದ ಕಸರತ್ತು. ಬೆಳಿಗ್ಗೆ ಬಿಸಿನೀರಲ್ಲಿ ಕೈ ಅದ್ದಿ ಕೂರುವುದು, ಆಮೇಲೆ ತಿರುಗಿಸುವುದು, ಮಧ್ಯಾಹ್ನ ತಿರುಗಿಸುವುದು, ಸಂಜೆ ಕಾಗದ ಸಿಕ್ಕಿಸಿಕೊಂಡು ಮಂಡಕ್ಕಿ ಹಿಡಿಯುವುದು. ಕಾಗದ ಬಿದ್ದಾಗಲೆಲ್ಲ ವಾರ್ಡಿನವರು "ಚೋರಿ!" ಎಂದು ಒಟ್ಟಿಗೆ ಕೂಗುತ್ತಿದ್ದರು. ಊಟದ ಹೊತ್ತಿಗೆ ಮೊಣಕೈ ಸ್ವಲ್ಪ ಅಲ್ಲಾಡಿದರೂ "ಚೋರಿ!" ಸಿಟ್ಟಿಗೆ ನಾನೂ ಅವರ ತಪ್ಪು ಹಿಡಿಯತೊಡಗಿದೆ. ಅಜ್ಜಿ ಕೋಲನ್ನು ನೆಲಕ್ಕೆ ಊರದೆ ಮಂಚ ಹಿಡಿದು ನಡೆದರೆ ನಾನು ಕೂಗುತ್ತಿದ್ದೆ. ಇಷ್ಟು ಜಗಳ, ಇಷ್ಟು ನಗು ನಾನು ಎರಡೂ ಮನೆಗಳಲ್ಲಿ ಕಂಡಿರಲಿಲ್ಲ. ನಾನು ಅಲ್ಲಿ ಸುಖವಾಗಿದ್ದೆ, ಮಗಳು ನೆನಪಾಗುವ ಹೊತ್ತೊಂದು ಬಿಟ್ಟು. ನೆನಪಾದಾಗ ಯಾರೊಂದಿಗೂ ಮಾತಾಡದೆ ಕಾಗದ ಸಿಕ್ಕಿಸಿಕೊಂಡು ಕೈ ತಿರುಗಿಸುತ್ತ ಕೂರುತ್ತಿದ್ದೆ.

ವಾರಕ್ಕೊಮ್ಮೆ ಗಂಡ ಬಂದು ರೊಟ್ಟಿ ಗಂಟು ಕೊಟ್ಟು ಹೋಗುತ್ತಿದ್ದ. ಗಂಟಿನ ಜೊತೆ ಬಾಯಿಗೆ ಬಟ್ಟೆ ಕಟ್ಟಿದ ಒಂದು ಸಣ್ಣ ತಂಬಿಗೆ. "ಹೊಳಿ ನೀರು. ನಲ್ಲಿ ನೀರಾಗ ಪೂಜಿ ಬ್ಯಾಡ ಅಂತ ಅವ್ವ ಕೊಟ್ಟಾಳ" ಎನ್ನುತ್ತಿದ್ದ. ಅತ್ತೆ ಏನಾದರೂ ಹೇಳಿದರಾ ಎಂದು ಕೇಳಿದರೆ, ಏನೂ ಇಲ್ಲ ಎಂದು ತಲೆಯಾಡಿಸುತ್ತಿದ್ದ.

ಆರನೇ ವಾರದ ಕೊನೆಗೆ, ಮೈ ನೆಟ್ಟಗೆ, ಕಾಗದ ಜಾಗದಲ್ಲಿ, ಅರ್ಧಕ್ಕಿಂತ ಹೆಚ್ಚು ಮಂಡಕ್ಕಿ ಉಳಿಯುತ್ತಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಅಂದರೆ ಪೂರ್ತಿ ಅಲ್ಲ. ಅಂಗೈ ಇನ್ನೂ ಒಂದಿಷ್ಟು ಓರೆ. ಹತ್ತು ದಿನಗಳಿಂದ ಅಲ್ಲೇ ನಿಂತುಬಿಟ್ಟಿತ್ತು. ಉಸ್ತಾದರು ತಿರುಗಿಸಿ ನೋಡಿ, ನನ್ನ ಎದುರು ಸ್ಟೂಲು ಎಳೆದು ಕೂತರು.

"ಎಲುಬು ಇಷ್ಟೇ ಬಿಡೋದು ಬೇಟಿ. ನಾಳೆ ಮನೆಗೆ ಹೊರಡ್ರಿ. ಇಷ್ಟು ದಿನ ವಾಲಬ್ಯಾಡ್ರಿ ಅಂದೆ, ಯಾಕಂದ್ರೆ ಬರೋದೆಲ್ಲ ಬರಬೇಕಿತ್ತು. ಬರೋದು ಬಂತು. ಉಳಿದದ್ದಕ್ಕೆ ಇನ್ನು ವಾಲ್ರಿ, ನಾನು ಚೋರಿ ಅನ್ನಂಗಿಲ್ಲ."

ಅವರು ಎಷ್ಟು ಮೃದುವಾಗಿ ಹೇಳಿದರೋ ಅಷ್ಟೇ ಜೋರಾಗಿ ನಾನು ಅತ್ತೆ. ಹರಿಹರದ ಹೊಸ್ತಿಲು ಕಣ್ಣ ಮುಂದೆ ನಿಂತಿತ್ತು. ಹೋಗುವುದಿಲ್ಲ ಎಂದರೆ ಮಗಳಿಲ್ಲ, ಹೋದರೆ ಲಿಂಗದ ಹೆಸರೆತ್ತಿ ಆಡಿದ ಮಾತು ತಪ್ಪಿದಂತೆ. ಅಜ್ಜಿ ತನ್ನ ಪಾಲಿನ ಮಂಡಕ್ಕಿಯನ್ನು ಸೆರಗಿನಿಂದ ಬಿಚ್ಚಿ ನನ್ನ ಮಡಿಲಿಗೆ ಸುರಿದಳು. ಮುಟ್ಟಲಿಲ್ಲ ನಾನು.

ಮರುದಿನ ಬೆಳಿಗ್ಗೆ ಮೊದಲ ರೈಲಿಗೆ ಅತ್ತೆಯೇ ಬಂದರು, ಕಂಕುಳಲ್ಲಿ ನನ್ನ ಮಗಳು. ಮಗು ನನ್ನನ್ನು ನೋಡಿ ಒಂದು ಗಳಿಗೆ ಯೋಚಿಸಿ, ಆಮೇಲೆ ಕೈ ಚಾಚಿತು. ಎತ್ತಿಕೊಂಡೆ. ಎರಡೂ ಕೈಯಿಂದ ಎತ್ತಿಕೊಂಡೆ.

"ಪೂಜಿ ಆತೇನು?" ಎಂದರು ಅತ್ತೆ.

"ಇಲ್ರಿ."

"ನಂದೂ ಆಗಿಲ್ಲ. ಕೂಡು."

ನರ್ಸಮ್ಮ ಚಾಪೆ ಕೊಟ್ಟರು. ಸ್ನಾನ ಮುಗಿಸಿ ಬಂದು ಎದುರುಬದುರು ಕೂತೆವು, ಮಗು ನಡುವೆ. ನಾನು ಮೊದಲೇ ಹೇಳಿಬಿಟ್ಟೆ. "ಪೂರ್ತಿ ತಿರುಗಿಲ್ರಿ ಅತ್ತೆ. ವಾಲಿದ್ರೇನೇ ನಿಲ್ಲೋದು. ನಾ ನಿಮ್ಮ ಮನಿಗೆ ಬರಂಗಿಲ್ಲ." ಅತ್ತೆ ತಂಬಿಗೆಯ ಬಟ್ಟೆ ಬಿಚ್ಚಿ ನನ್ನ ಕಡೆ ಸರಿಸಿದರು.

ಲಿಂಗವನ್ನು ಅಂಗೈಗೆ ಇಟ್ಟುಕೊಂಡು ಎಡಕ್ಕೆ ವಾಲಿದೆ. ಮೊದಲ ಸಲ ಬಾಗಿದ್ದರ ಕಾಲುಭಾಗ ಸಾಕಾಯಿತು. ನೀರೆರೆದು ಪತ್ರೆ ಏರಿಸಿ ತಲೆ ಎತ್ತಿದರೆ, ಎದುರಿಗೆ ನಮ್ಮತ್ತೆಯ ಎಡ ಅಂಗೈಯಲ್ಲಿ ಅವರ ಲಿಂಗ, ಮೈ ಮಾತ್ರ ವಾಲಿತ್ತು. ಆ ಹಲಗೆಯಂಥ ಬೆನ್ನು ಎಡಕ್ಕೆ ವಾಲಿತ್ತು! ನಾನು ಎಷ್ಟು ಬಾಗಿದ್ದೆನೋ ಅಷ್ಟೇ. ಕಣ್ಣು ಲಿಂಗದ ಮೇಲೆಯೇ ಇಟ್ಟು ಅಂದರು. "ನೀ ಹೇಳಿದ್ದು ಲಿಂಗ ನೆಟ್ಟಗ ಕೂಡಬೇಕು ಅಂತ. ನೀ ನೆಟ್ಟಗ ಕೂಡಬೇಕು ಅಂದಿದ್ದಿಲ್ಲ. ಹನ್ನೊಂದರ ರೈಲಿಗೆ ಹೋಗೋಣು."

ವಾರ್ಡು ಉಸಿರು ಬಿಟ್ಟಿತು. ಬಾಗಿಲ ಆಚೆಯಿಂದ ಕೆಮ್ಮು ಕೇಳಿಸಿತು, ಉಸ್ತಾದರು. ಅಜ್ಜಿ ಕೋಲನ್ನು ಸರಿಯಾಗಿ ನೆಲಕ್ಕೆ ಊರಿಕೊಂಡೇ ನಮ್ಮನ್ನು ಜಟಕಾದವರೆಗೆ ಕಳಿಸಿಕೊಟ್ಟಳು.

ಅತ್ತೆ ಆಮೇಲೂ ಇಪ್ಪತ್ತು ವರ್ಷ ಬದುಕಿದ್ದರು. ಬೇರೆ ಎಲ್ಲದಕ್ಕೂ ಬೈದರು, ಕಟ್ಟುನಿಟ್ಟು ಬಿಡಲಿಲ್ಲ. ಪೂಜೆಗೆ ಮಾತ್ರ ನನ್ನ ಎದುರು ಕೂತು ಕೊನೆಯವರೆಗೂ ಎಡಕ್ಕೆ ವಾಲಿದರು. ನಮ್ಮಿಬ್ಬರ ನಡುವೆ ಆಡಿ ಬೆಳೆದ ಮಗಳು ಅದನ್ನೇ ಕಲಿತಳು. ಅವಳ ಕೈ ಎರಡೂ ಗಟ್ಟಿ, ಒಂದು ದಿನ ಉಳುಕಿದ್ದೂ ಇಲ್ಲ. ಮೊನ್ನೆ ಅವಳ ಮನೆಗೆ ಹೋಗಿದ್ದೆ. ತನ್ನ ಎಂಟು ವರ್ಷದ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಪೂಜೆ ಹೇಳಿಕೊಡುತ್ತಿದ್ದಳು. ಹುಡುಗಿ ನೆಟ್ಟಗೆ ಕೂತಿತ್ತು. ಮಗಳು ಅವಳ ಭುಜ ಹಿಡಿದು ಮೆಲ್ಲಗೆ ಎಡಕ್ಕೆ ಬಾಗಿಸಿ, "ಹಂಗಲ್ಲ, ಹಿಂಗೆ. ನಮ್ಮ ಮನ್ಯಾಗ ಹಿಂಗೇ ಕೂಡ್ತಾರ" ಎಂದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.