ಮಾವನ ದಲ್ಲಾಳಿ ಕಾಸು

ನಮ್ಮ ಸೋದರಮಾವನ ಬಲಗೈ ಕಿರುಬೆರಳು ನೆಟ್ಟಗಿದ್ದದ್ದನ್ನು ನಾನು ನೋಡಿಯೇ ಇಲ್ಲ. ವಯಸ್ಸಿನಲ್ಲಿ ಯಾವುದೋ ಹೋರಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು ನಿಂತಿದ್ದನಂತೆ. ಅದು ಬೆದರಿ ಎಳೆದ ಏಟಿಗೆ ಬೆರಳು ಹೊರಕ್ಕೆ ಸೊಟ್ಟಗಾಗಿ ಹಾಗೇ ಉಳಿದುಬಿಟ್ಟಿತು. ಮುದ್ದೆ ಮುರಿಯುವಾಗ ಉಳಿದ ನಾಲ್ಕು ಬೆರಳು ಸಾರಿನಲ್ಲಿ ಮುಳುಗಿದರೆ ಇದೊಂದು ಮಾತ್ರ ಮಡಿ ಮಾಡಿಕೊಂಡವರಂತೆ ದೂರ ನಿಂತಿರುತ್ತಿತ್ತು. ಮಾವ ದನದ ದಲ್ಲಾಳಿ. ಸಂತೆಯಲ್ಲಿ ಇಬ್ಬರು ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಒತ್ತಿ ಬೆಲೆ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಅಂಥ ಕಸುಬಿನಲ್ಲಿ ಸೊಟ್ಟ ಬೆರಳು ಎಷ್ಟು ಗೊಂದಲ ಮಾಡಿರಬೇಕು! “ಇವನ ಕಿರುಬೆರಳ್ನ ಲೆಕ್ಕಕ್ಕೆ ಇಟ್ಕಾಬ್ಯಾಡ್ರಪ್ಪ” ಎಂದು ಹಳಬರು ಹೊಸಬರಿಗೆ ಮೊದಲೇ ಹೇಳಿಬಿಡುತ್ತಿದ್ದರಂತೆ.

ಮಾವನಿಗೆ ಇನ್ನೊಂದು ಚಾಳಿಯಿತ್ತು. ಇಷ್ಟವಾದ ಯಾವುದನ್ನೂ ಬಾಯಿಬಿಟ್ಟು ಹೊಗಳುತ್ತಿರಲಿಲ್ಲ. ಹೊಗಳಿದರೆ ಬೆಲೆ ಏರುತ್ತದೆ ಎನ್ನುವುದು ಅವನ ರಕ್ತದಲ್ಲೇ ಸೇರಿಹೋಗಿತ್ತು. ನಾನು ಮಾಡಿದ ಹುರುಳಿ ಬಸ್ಸಾರನ್ನು ಮೂರು ಸಲ ಬಡಿಸಿಕೊಂಡು “ಉಪ್ಪು ಒಂದೀಟು ಕಮ್ಮಿ” ಎನ್ನುತ್ತಿದ್ದ. ನಮ್ಮ ಯಜಮಾನರು ಮನೆ ಅಳಿಯನಾಗಿ ಬರುವ ಮಾತು ನಡೆದಾಗ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿ “ಉಡುಗ ಸುಮಾರಾಗವ್ನೆ, ನೋಡಾಣ” ಎಂದ. ಅಷ್ಟು ಕೇಳಿದ್ದೇ ಅಮ್ಮ ಒಳಗೆ ಹೋಗಿ ಪಾಯಸಕ್ಕೆ ಇಟ್ಟಳು.

ಅಮ್ಮನಿಗೂ ಅವನಿಗೂ ಇದ್ದ ಪ್ರೀತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಾವನ ಊರು, ಅಂದರೆ ಅಮ್ಮನ ತವರು, ಕಾಮಸಮುದ್ರದ ಹತ್ತಿರ. ನಾವಿರುವುದು ಕ್ಯಾಸಂಬಳ್ಳಿ ಕಡೆ. ಮದುವೆಯಾದಾಗಿನಿಂದ ಅಮ್ಮ ಪ್ರತಿ ಗೌರಿ ಹಬ್ಬಕ್ಕೆ ತವರಿಗೆ ಹೋಗಿ, ಹೊಸಿಲ ಒಳಗೆ ಕೂತು, ತಮ್ಮನ ಕೈಯಿಂದ ಬಾಗಿನ ತೆಗೆದುಕೊಂಡು ಬರುತ್ತಿದ್ದಳು. ಆಮೇಲೆ ಅವಳ ಮಂಡಿ ಹೋಯಿತು. ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಲು ಆಗದಾಯಿತು. ಒಂದು ವರ್ಷ ಆಟೋದಲ್ಲಿ ಹೊರಡಿಸಿದೆವು. ಕ್ಯಾಸಂಬಳ್ಳಿ ದಾಟುವಷ್ಟರಲ್ಲಿ ನೋವು ತಾಳದೆ ವಾಪಸ್ ತಿರುಗಿಸಿ ಎಂದು ಅತ್ತಳು. ಎರಡು ಹಬ್ಬ ಮಾವನೇ ಬಾಗಿನದ ಮೊರ ಹೊತ್ತುಕೊಂಡು ಬಸ್ಸಿನಲ್ಲಿ ಬಂದ. “ತೌರು ಮನೆ ಬಾಗ್ನ ತೌರು ಮನೇಲೇ ಕೊಡ್ಬೇಕಕ್ಕಾ, ಇದೇನು ಪೋಸ್ಟ್‌ನಾಗೆ ಕಳ್ಸಿದಂಗೆ” ಎಂದು ಗೊಣಗಿದ. ಅವನು ಹೋದ ಮೇಲೆ ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ನನಗೆ ಆ ಎರಡೂ ಹಬ್ಬ ಹಬ್ಬವೆನಿಸಲಿಲ್ಲ.

ಆಗಲೇ ಗಾಡಿ ಕೊಳ್ಳುವ ಮಾತು ಬಂದದ್ದು. ನಾನು ಕೆಜಿಎಫ್‌ನಲ್ಲಿ ಟೀಚರು, ಯಜಮಾನರು ಹಸು ನೋಡಿಕೊಳ್ಳುತ್ತಾರೆ. ಇಬ್ಬರೂ ಕೂಡಿಸಿದ ಹಣಕ್ಕೆ ಒಂದು ಸಣ್ಣ ಕಾರು ಆರಾಮಾಗಿ ಬರುತ್ತಿತ್ತು. ಆದರೆ ಪಕ್ಕದ ಊರಿನವರ ಸಣ್ಣ ಕಾರಿನಲ್ಲಿ ಅಮ್ಮನನ್ನು ಕೂರಿಸಿ ನೋಡಿದೆವಲ್ಲ, ಅಯ್ಯೋ ದೇವರೇ! ಇಳಿಸುವಾಗ ನಾನೊಂದು ಕೈ, ಅವರೊಂದು ಕೈ ಹಿಡಿದು ಬಾವಿಯಿಂದ ಕೊಡ ಎಳೆದಂತೆ ಎಳೆಯಬೇಕಾಯಿತು. ಸೀಟು ಸೊಂಟದ ಮಟ್ಟಕ್ಕಿರುವ, ಬಗ್ಗದೆ ಕೂರುವಂಥ ಎತ್ತರದ ಗಾಡಿಯೇ ಬೇಕಿತ್ತು. ಅದರ ಬೆಲೆ ನಮ್ಮ ಹಣಕ್ಕಿಂತ ನಲವತ್ತು ಸಾವಿರ ಮೇಲಿತ್ತು. ಅಷ್ಟು ಇಳಿದರೆ ಅಮ್ಮನಿಗೆ ತವರು, ಇಳಿಯದಿದ್ದರೆ ಇಲ್ಲ.

“ನನ್ನ ತಮ್ಮ ಇಲ್ದೆ ಒಂದು ಹಗ್ಗಾನೂ ಕೊಳ್ಳಬ್ಯಾಡಿ” ಎಂದು ಅಮ್ಮ ಹಟ ಹಿಡಿದಳು. ನನಗೆ ಉರಿದುಹೋಯಿತು. ನಾನು ನಾಲ್ಕು ಕಡೆ ಫೋನು ಮಾಡಿ ಬೆಲೆ ವಿಚಾರಿಸಿ ಇಟ್ಟಿದ್ದೆ. ಈಗ ದನದ ದಲ್ಲಾಳಿಯನ್ನು ಕರೆದುಕೊಂಡು ಶೋರೂಮಿಗೆ ಹೋಗಬೇಕಂತೆ! ಮಾವ ಮಾತ್ರ ಹೆಗಲಿಗೆ ಒಗೆದ ಟವೆಲ್ ಹಾಕಿಕೊಂಡು ಮೊದಲ ಬಸ್ಸಿಗೇ ಬಂದಿಳಿದ. ಅಪ್ಪನನ್ನು ಹಸುಗಳ ಹತ್ತಿರ ಬಿಟ್ಟು ನಾವು ನಾಲ್ವರು ಆಟೋ ಹತ್ತಿದೆವು. ಅಮ್ಮ ಶೋರೂಮಿದ್ದ ಬಂಗಾರಪೇಟೆವರೆಗೂ ಹಲ್ಲು ಕಚ್ಚಿ ಕೂತಿದ್ದಳು. ದಾರಿಯುದ್ದಕ್ಕೂ ಮಾವ ಪಾಠ ಹೇಳಿದ.

“ಯಾರೂ ನಗಬಾರ್ದು. ಯಾರೂ ಗಾಡಿ ಮುಟ್ಟಬಾರ್ದು. ಚೆಂದಾಗದೆ ಅನ್ನೋ ಮಾತು ಬಾಯಾಗೆ ಬರಲೇಬಾರ್ದು. ಕೊನೆಗೆ ನಾನು ಟವೆಲ್ ಒದರ್ತೀನಿ. ಒದರಿದ ತಕ್ಷಣ ಎಲ್ರೂ ಎದ್ದು ಬಾಗ್ಲ ಕಡೆ ನಡೀರಿ. ತಿರುಗಿ ನೋಡ್ಬ್ಯಾಡಿ. ಅಕ್ಕಾ, ನಿಂಗೂ ಯೋಳ್ತಿರೋದು.”

ಅಮ್ಮ ಹೂಂಗುಟ್ಟಿದಳು.

ಶೋರೂಮಿನಲ್ಲಿ ಮಾವ ಗಾಡಿಯ ಸುತ್ತ ಎರಡು ಸುತ್ತು ಬಂದ. ಟೈರು ತಟ್ಟಿದ. ಬಗ್ಗಿ ಹೊಟ್ಟೆಯ ಕೆಳಗೆ ನೋಡಿದ.

“ದನಕ್ಕೆ ನೋಡೋ ಹಾಗೆ ಸುಳಿ ಹುಡುಕ್ತಿದ್ದೀಯಾ ಮಾವ?” ಎಂದೆ, ಮೆಲ್ಲಗೆ.

“ಸುಮ್ಕಿರಮ್ಮಣ್ಣಿ. ಬಣ್ಣ ಮಂಕು. ಇಂದ್ಲ ಸೀಟು ಕುರಿಮರಿ ಕೂರಾಕೂ ಸಾಲ್ದು.” ಇದನ್ನು ಮಾತ್ರ ಶೋರೂಮಿಗೆಲ್ಲ ಕೇಳುವ ಹಾಗೆ ಹೇಳಿದ. ಅಂದರೆ ಗಾಡಿ ಅವನಿಗೆ ಬಹಳ ಇಷ್ಟವಾಗಿದೆ ಎಂದು ನನಗೆ ಗೊತ್ತಾಯಿತು.

ಮ್ಯಾನೇಜರ್ ಕೆಜಿಎಫ್‌ನ ತಮಿಳರು, ನಡುವಯಸ್ಸಿನ ಮನುಷ್ಯ. ಮಾವ ಅವರ ಎದುರು ಕೂತು, ಟವೆಲ್ ಹರಡಿ, ಅದರ ಕೆಳಗೆ ಕೈ ಚಾಚಿದ. ಅವರು ಪಾಪ, ಕೈಕುಲುಕಲು ಬಂದರೆಂದುಕೊಂಡು ಜೋರಾಗಿ ಕುಲುಕಿಬಿಟ್ಟರು. “ರೊಂಬ ಸಂತೋಷ ಯಜಮಾನ್ರೇ!” ಎಂದರು. ಮಾವನ ಮುಖ ನೋಡಬೇಕಿತ್ತು! “ಬಾಯಿ ಬಿಟ್ಟು ಬೆಲೆ ಯೋಳೋ ಕಾಲ ಬಂತಲ್ಲಪ್ಪ” ಎಂದು ಟವೆಲ್ ಮಡಚಿದ. ಆದರೂ ಬಿಡಲಿಲ್ಲ. ಕಾಫಿ ತಣ್ಣಗಾಯಿತು, ಇನ್ನೊಂದು ಬಂತು, ಅದೂ ತಣ್ಣಗಾಯಿತು. ಆ ನಲವತ್ತು ಸಾವಿರದಲ್ಲಿ ಅರ್ಧದಷ್ಟು ಇಳಿಸಿದ. ಇನ್ನರ್ಧಕ್ಕೆ ಮ್ಯಾನೇಜರ್ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಆಗ ಮಾವ ಎದ್ದು ನಿಂತು ಟವೆಲ್ ಒದರಿದ.

ನಾನೂ ಯಜಮಾನರೂ ಪಾಠ ಒಪ್ಪಿಸುವ ಮಕ್ಕಳಂತೆ ಎದ್ದು ನಿಂತೆವು. ಅಮ್ಮನ ಕುರ್ಚಿ ಖಾಲಿಯಿತ್ತು.

ತಿರುಗಿ ನೋಡಿದರೆ ಅಮ್ಮ ಗಾಡಿಯೊಳಗೆ! ಗಿರಾಕಿಗಳಿಗೆ ಗಾಡಿ ತೋರಿಸುವ ಹುಡುಗಿ “ಅಮ್ಮಾ, ಮೆದುವಾ, ನಿಧಾನ” ಎನ್ನುತ್ತಾ ಬಾಗಿಲು ಹಿಡಿದು ನಿಂತಿದ್ದಳು. ಅಮ್ಮ ತಾನಾಗಿಯೇ ಹತ್ತಿ ಕೂತಿದ್ದಳು. ಮಂಡಿ ಹಿಡಿದುಕೊಂಡಿರಲಿಲ್ಲ, ನರಳುತ್ತಿರಲಿಲ್ಲ, ಮುಖದ ತುಂಬ ನಗು. ನಾವು ನೋಡುತ್ತಿದ್ದಂತೆಯೇ ಸೊಂಟದ ಚೀಲದಿಂದ ಕುಂಕುಮದ ಭರಣಿ ತೆಗೆದು, ಎದುರಿನ ಹಲಗೆಗೆ ಮೂರು ಬೊಟ್ಟು ಇಟ್ಟು ಕೈಮುಗಿದಳು.

ಮಾವ ಒದರಿದ ಟವೆಲ್ಲನ್ನು ಹಿಡಿದುಕೊಂಡೇ ನಿಂತ. ನಮ್ಮ ಕಡೆ ಕೊಳ್ಳುವವರ ಮನೆಯ ಹೆಂಗಸು ಹಸುವಿನ ಹಣೆಗೆ ಬೊಟ್ಟಿಟ್ಟರೆ ಅದು ಅವರ ಕೊಟ್ಟಿಗೆಗೆ ಸೇರಿದಂತೆ. ಆಮೇಲೆ ಚೌಕಾಸಿಯಿಲ್ಲ, ಬೇಡವೆಂದು ಬಿಟ್ಟು ಬರುವಂತೆಯೂ ಇಲ್ಲ. ಶೋರೂಮಿನವರಿಗೆ ಈ ಕಟ್ಟಳೆ ಎಲ್ಲಿಂದ ಗೊತ್ತಿರಬೇಕು? ಮಾವ ಬಾಗಿಲವರೆಗೆ ನಡೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು “ನಡಿ ಮಾವ, ನಡಿ” ಎಂದು ತೋಳು ಚಿವುಟಿದೆ. ಅವನು ಅಕ್ಕನ ಮುಖವನ್ನೇ ನೋಡುತ್ತಿದ್ದ. ನಿಧಾನವಾಗಿ ವಾಪಸ್ ಬಂದು ಕೂತ.

“ನನ್ನಾಟ ಮುಗೀತು ಸ್ವಾಮಿ. ನಮ್ಮಕ್ಕ ಬೊಟ್ಟಿಟ್ಟವ್ಳೆ. ಬೊಟ್ಟಿಟ್ಟ ಅಸೀನ ಬೆಲೆ ನಾನು ಯಾವತ್ತೂ ಕೆಡವಿಲ್ಲ, ಇವತ್ತೂ ಕೆಡವಾಕಿಲ್ಲ. ನೀವಂದಿದ್ದೇ ಬೆಲೆ.”

ಮಿಕ್ಕ ಹಣ ಎಲ್ಲಿಂದ ತರುವುದು? ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಗಾಡಿಯಲ್ಲಿದ್ದ ಅಮ್ಮನನ್ನೂ ಮಾವನನ್ನೂ ನೋಡಿ, ನೆತ್ತಿ ಕೆರೆದುಕೊಂಡು ನಕ್ಕುಬಿಟ್ಟರು.

“ನಿಜ ಹೇಳ್ಲಾ ಯಜಮಾನ್ರೇ? ನೀವು ಬಾಗ್ಲು ದಾಟೋಕೆ ಮುಂಚೆ ನಾನೇ ಕೂಗಿ ಕರೀಬೇಕು ಅಂತಿದ್ದೆ.”

“ಕರ್ದು ಏನಂತಿದ್ರಿ?”

ಅವರು ಹೇಳಿದರು. ಅದು ನಮ್ಮ ಹಣದೊಳಗೆ ಬರುವ ಬೆಲೆ.

“ನೀವು ನಿಮ್ಮದು ಮುಚ್ಚಿಡಲಿಲ್ಲ, ನಾನ್ಯಾಕೆ ನಮ್ಮದು ಮುಚ್ಚಿಡ್ಲಿ? ಅದೇ ಇರ್ಲಿ ಬಿಡಿ” ಎಂದರು. ನನಗೆ ಕಣ್ಣು ತುಂಬಿ ಬಂತು. ಯಜಮಾನರು ತಣ್ಣಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ಮಾವ ಮಾತ್ರ ಏಳಲಿಲ್ಲ. “ಬೆಲೆ ಆಯ್ತು. ಕೊಸರು?”

“ಇನ್ನೂ ಕೊಸರಾ!”

“ಬೆಲೆ ಕೇಳಬಾರ್ದು, ಕೊಸರು ಕೇಳ್ಬೌದು. ಅಸೀನ ಒಟ್ಟೆ ಕಾಲಿ ಇಟ್ಟು ಯಾರಾನ ಕಳಿಸ್ತಾರಾ? ಮೇವು ತುಂಬ್ಸಿ. ಆಮ್ಯಾಕೆ, ಈಗ ನಮ್ಮಕ್ಕ ಗಾಡಿಯಿಂದ ಇಳಿಯೋವಾಗ ಕಾಲು ಗಾಳೀಲಿ ತಡಕಾಡ್ತು, ನಾನು ನೋಡ್ದೆ. ಪಕ್ಕಕ್ಕೊಂದು ಮೆಟ್ಲು ಆಕ್ಸಿ.” ಟ್ಯಾಂಕು ತುಂಬ ಡೀಸೆಲ್ಲು, ಬಾಗಿಲ ಕೆಳಗೊಂದು ಮೆಟ್ಟಿಲು, ಎರಡೂ ಬಂದವು. ಈ ಮನುಷ್ಯನನ್ನು ಶೋರೂಮಿಗೆ ಕರೆತರುವುದಕ್ಕೆ ಸಿಡುಕಿದ್ದೆಯಲ್ಲ ಎಂದು ಯಜಮಾನರು ದಾರಿಯುದ್ದಕ್ಕೂ ನನ್ನನ್ನು ರೇಗಿಸಿದರು.

ಗಾಡಿ ಮನೆಗೆ ಬಂದ ದಿನ ಊಟಕ್ಕೆ ಕೂತಾಗ “ನಿನ್ನ ದಲ್ಲಾಳಿ ಕಾಸು ಎಷ್ಟು ಮಾವ?” ಎಂದು ಕೇಳಿದೆ, ತಮಾಷೆಗೆ. ಅವನು ತಮಾಷೆ ಮಾಡಲಿಲ್ಲ.

“ವರ್ಸಕ್ಕೊಂದು ಸಲ. ಗೌರಿ ಅಬ್ಬಕ್ಕೆ ಅಕ್ಕನ್ನ ನಮ್ಮ ಮನೆ ಬಾಗ್ಲಿಗೆ ತಂದು ಬಿಡು. ಅಷ್ಟೇ ನಂಗೆ ಬರ್ಬೇಕಾದ್ದು.”

ನಾಲ್ಕು ಹಬ್ಬ ತಪ್ಪದೆ ಹೋದೆವು. ಗಾಡಿಯ ಸದ್ದು ಕೇಳಿದೊಡನೆ ಮಾವ ಓಡಿಬಂದು ಬಾಗಿಲು ತೆಗೆಯುತ್ತಿದ್ದ, ಆದರೆ ಕೈ ಕೊಡುತ್ತಿರಲಿಲ್ಲ. ಅಮ್ಮ ಮೆಟ್ಟಿಲಿಗೆ ಕಾಲಿಟ್ಟು ತಾನೇ ಇಳಿಯುವುದನ್ನು ಸೊಟ್ಟ ಬೆರಳು ಗಲ್ಲಕ್ಕೊತ್ತಿಕೊಂಡು ನೋಡುತ್ತಿದ್ದ. “ಸುಮಾರಾಗದೆ ಗಾಡಿ” ಎನ್ನುತ್ತಿದ್ದ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಲ್ಲಿ ಬಂದದ್ದಿಲ್ಲ.

ಹೋದ ವರ್ಷ, ಹಬ್ಬಕ್ಕೆ ಇನ್ನೂ ಸಮಯವಿರುವಾಗ, ಮಾವ ಜಗುಲಿಯ ಮೇಲೆ ಮಲಗಿದ್ದವನು ಏಳಲಿಲ್ಲ. ಮಾವನ ಊರಿಗೆ ಅಮ್ಮನನ್ನು ಅದೇ ಗಾಡಿಯಲ್ಲಿ ಕರೆದೊಯ್ದೆ. ಆ ದಿನ ಬಾಗಿಲು ತೆಗೆಯಲು ಯಾರೂ ಓಡಿಬರಲಿಲ್ಲ. ಸೂತಕದ ವರ್ಷವಾದ್ದರಿಂದ ಆ ಮನೆಯಲ್ಲಿ ಹಬ್ಬವೂ ಇರಲಿಲ್ಲ.

ಈ ವರ್ಷ ಗೌರಿ ಹಬ್ಬದ ಬೆಳಿಗ್ಗೆ ಮಾವನ ಮಗ ಫೋನು ಮಾಡಿ “ಅತ್ತೇನ ಕರ್ಕೊಂಡು ಬಾ” ಎಂದ. ನಾನು ಅಮ್ಮನಿಗೆ ಹೇಳಲು ಹಿಂಜರಿದೆ. ಬಾಗಿನ ಕೊಡುತ್ತಿದ್ದ ಕೈಯೇ ಇಲ್ಲದ ಮನೆಗೆ ಹೋಗಿ ಅವಳು ಹೇಗೆ ತಾಳಿಕೊಂಡಾಳು? ಯೋಚಿಸುತ್ತಾ ಹೊರಗೆ ಬಂದರೆ ಅಮ್ಮ ಹಸಿರು ಸೀರೆಯುಟ್ಟು ಅಂಗಳದಲ್ಲಿ ನಿಂತಿದ್ದಳು. ಗಾಡಿಯ ಮುಂಭಾಗಕ್ಕೆ ಆಗಲೇ ಕುಂಕುಮವಿಟ್ಟಾಗಿತ್ತು. ಮೆಟ್ಟಿಲಿಗೆ ಕಾಲಿಟ್ಟು, ಹತ್ತಿ ಕೂತು, ಬಾಗಿಲು ಎಳೆದುಕೊಂಡಳು.

“ಏನೇ ನೋಡ್ತಾ ನಿಂತೆ? ನನ್ನ ತಮ್ಮನ ದಲ್ಲಾಳಿ ಕಾಸು ಕೊಟ್ಟು ಬರಾಣ, ನಡಿ.”

ನಾನು ಗಾಡಿ ತೆಗೆದೆ.